ಊರ ಬೀರು, ಪರದೇಶದ ಬೀರು: ಒಂದಿಷ್ಟು ಹಿಂದಿನ ಸುದ್ದಿ

ನಮ್ಮ ಕಡಿ ಗಂಡಸರು ಯಾವುದರ ಮ್ಯಾಗ ವಾದ ಮಾಡಂಗಿಲ್ಲ ಹೇಳ್ರಿ? ಹತ್ತಿ ರೇಟು, ಕಾಲುವಿ ನೀರು, ಎಲೆಕ್ಷನ್. ಈಗ ಹತ್ತಿಪ್ಪತ್ತು ವರ್ಷದಿಂದ ಆ ಪಟ್ಟಿಗೆ ಬೀರೂ ಸೇರ್ಯದ. ಮದುವಿ ಮುಗದ ರಾತ್ರಿ ಒಬ್ಬ ಕಿಂಗ್‌ಫಿಶರ್ ಅಂತಾನ, ಬೆಂಗಳೂರಿಂದ ಬಂದ ಅಳಿಯ ಬಡ್‌ವೈಸರ್ ಅಂತಾನ, "ಅದು ಫಾರಿನ್ ಮಾಲು" ಅಂತಾನ. ನಡುವ ಯಾರಾರ ಒಬ್ಬ ಕಾಕಾ "ನಮ್ಮ ಸೇಂದಿ ಮುಂದ ಇವೆಲ್ಲಾ ಏನು ಬಿಡ್ರೊ" ಅಂತಾರ. ಒಳಗ ಕುಂತ ನಮಗ ಎಲ್ಲಾ ಕೇಳಿಸ್ತದ. ನಮ್ಮನ್ನ ಮಾತ್ರ ಯಾರೂ ಕೇಳಂಗಿಲ್ಲ. ನಾ ಅದನ್ನ ಬಾಯಿಗೆ ಹಚ್ಚಿದಾಕಿ ಅಲ್ಲ. ಆದ್ರ ಇದರ ಹಿಂದಿನ ಸುದ್ದಿ ಓದಕೋತ ಹೋದಾಗ, ಈ ಮಾತಿನಾಗ ಹೆಣ್ಮಕ್ಕಳಿಗೂ ಒಂದು ಪಾಲು ಅದ ಅಂತ ತಿಳೀತು.

ಮೊದಲು ಬೀರು ಅಂದ್ರ ಏನು ನೋಡೋಣು. ಬಾರ್ಲಿ ನೆನಸಿ ಮೊಳಕಿ ಬರಸ್ತಾರ, ಒಣಗಸ್ತಾರ, ಒಡದು ಬಿಸಿನೀರಿನಾಗ ಹಾಕಿ ಸಿಹಿ ತಗೀತಾರ. ಆ ನೀರಿಗೆ ಹಾಪ್ಸ್ ಅನ್ನೋ ಬಳ್ಳಿ ಹೂ ಹಾಕಿ ಕುದಸ್ತಾರ. ಆರಿದ ಮ್ಯಾಗ ಈಸ್ಟ್ ಹಾಕಿ ಹುಳಿ ಬರಾಕ ಬಿಡ್ತಾರ. ಬಾರ್ಲಿ ಅಂದ್ರ ಮಾದ್ಲಿ ಮಾಡೋ ಜವಿಗೋದಿ ಅಲ್ಲ, ಉರಿಮೂತ್ರ ಆದಾಗ ಕುದಿಸಿ ಕುಡಿಯೋ ಕಾಳು. ಮೊಳಕಿ ಬರಸೂದು, ಹಿಟ್ಟು ಹುಳಿ ಬರಸೂದು ಇವೆಲ್ಲಾ ನಮ್ಮ ಅಡಗಿಮನಿ ಕೆಲಸನೇ ಅಲ್ಲೇನು? ಕೂಸಿಗೆ ರಾಗಿ ಮಾಲ್ಟ್ ಮಾಡಾಕ ನಾವು ಹಾಕೋ ಮೊದಲ ಹೆಜ್ಜಿನೇ ಬೀರಿನ ಮೊದಲ ಹೆಜ್ಜಿ.

ಅದಕ್ಕೇ ಹಿಂದಿನ ಕಾಲದಾಗ ಬೀರು ಹೆಂಗಸರ ಕೈಯಾಗ ಇತ್ತು. ನಾಲ್ಕು ಸಾವಿರ ವರ್ಷದ ಹಿಂದ ಸುಮೇರಿಯಾದ ಮಂದಿ ಬೀರಿಗೆ ನಿಂಕಾಸಿ ಅಂತ ಒಬ್ಬ ದೇವಿನ್ನೇ ಇಟ್ಟಿದ್ರು. ಇಂಗ್ಲೆಂಡಿನಾಗೂ ಒಂದು ಕಾಲಕ್ಕ ಹೆಚ್ಚಾಗಿ ಮನಿ ಹೆಂಗಸರೇ ಮಾಡಿ ಮಾರತಿದ್ರು. ಆಫ್ರಿಕಾದ ಹಳ್ಳ್ಯಾಗ ಈಗೂ ಹೆಂಗಸರು ಜೋಳಕ್ಕ ಮೊಳಕಿ ಬರಿಸಿ ಬೀರು ಮಾಡ್ತಾರ, ನಾವು ರೊಟ್ಟಿ ಬಡಿಯೋ ಅದೇ ಜೋಳ. ಇನ್ನೊಂದು ನನಗ ಬಾಳ ಹಿಡಿಸಿದ ಮಾತು: ಹಾಪ್ಸ್ ಹೂ ಹಾಕಿದ್ರ ಪಾನೀಯ ಲಗೂ ಕೆಡಂಗಿಲ್ಲ ಅಂತ ಬರದಿಟ್ಟವರಾಗ ಹಳಬರು ಯಾರಂದ್ರ ಜರ್ಮನಿಯ ಹಿಲ್ಡೆಗಾರ್ಡ್ ಅನ್ನೋ ಸನ್ಯಾಸಿನಿ. ಹನ್ನೆರಡನೇ ಶತಮಾನದಾಕಿ, ಅಂದ್ರ ನಮ್ಮ ಅಕ್ಕಮಹಾದೇವಿ ಕಾಲದಾಕಿ.

ಅದೇ ಕಾಲಕ್ಕ ನಮ್ಮ ನಾಡಿನಾಗ ಹೆಂಡ ಇತ್ತು. ಹೆಂಡ ಮಾರೋ ಕಾಯಕದ ಮಾರಯ್ಯನೂ ಶರಣರಾಗ ಒಬ್ಬ, ವಚನ ಬರದಾನ. ನಮ್ಮ ಕಡಿ ಈಚಲ ಗಿಡದಿಂದ ಇಳಿಸಿದ್ದಕ್ಕ ಸೇಂದಿ ಅಂತಾರ. ಬೆಳಿಗ್ಗಿ ಇಳಿಸಿದ್ದು ಸಿಹಿ, ಹೊತ್ತು ಏರಿದಂಗ ಹುಳಿ, ಆಮ್ಯಾಗ ಅಮಲು.

ಪರದೇಶದ ಬೀರು ಬಂದದ್ದು ಇಂಗ್ಲಿಷರ ಬೆನ್ನು ಹತ್ತಿ. ಹದಿನೆಂಟನೇ ಶತಮಾನದ ಕೊನಿಗೆ ಲಂಡನ್ನಿಂದ ಹಡಗಿನಾಗ ಪೀಪಾಯಿ ತುಂಬಿ ಬರತಿತ್ತು. ತಿಂಗಳುಗಟ್ಟಲೆ ಸಮುದ್ರದಾಗ ಕೆಡಬಾರದು ಅಂತ ಹಾಪ್ಸ್ ಜಾಸ್ತಿ ಹಾಕತಿದ್ರು. ಮುಂದ ಆ ತರದ ಕಹಿ ಬೀರಿಗೆ ಇಂಡಿಯಾ ಪೇಲ್ ಏಲ್ ಅಂತ ಹೆಸರಾತು. ಈಗ ಬೆಂಗಳೂರಿನ ದೊಡ್ಡ ಹೋಟೆಲಿನಾಗ ಹುಡುಗರು "ಐಪಿಎ" ಅಂತ ಕೇಳೂದು ಇದನ್ನೇ. ಸುರಪುರಕ್ಕ 1841ರ ಹೊತ್ತಿಗೆ ಬಂದ ಮೆಡೋಸ್ ಟೇಲರ್ ಸಾಹೇಬ ಹತ್ತು ವರ್ಷಕ್ಕಿಂತ ಹೆಚ್ಚು ಇಲ್ಲೇ ಇದ್ದ. ಗುಡ್ಡದ ಮ್ಯಾಗಿನ ಟೇಲರ್ ಮಂಜಿಲ್ ಅವನದೇ. ಅವನ ಕಾಲದಾಗ ಇಲ್ಲಿಗೆ ರೈಲಿರಲಿಲ್ಲ. ಮುಂಬೈ-ರಾಯಚೂರು ಹಳಿ ಕೂಡಿದ್ದು 1871ಕ್ಕ, ಆವಾಗ ಯಾದಗಿರಿಗೂ ದೂರದ ಮಾಲು ಬರಾಕ ದಾರಿ ಆತು.

ಬೀರಿನ ಹೆಸರು ಸಾಹೇಬರದು, ಆದ್ರ ರೊಕ್ಕದ ಲೆಕ್ಕ ಸೇಂದಿ-ಸಾರಾಯಿದು. ಅಬಕಾರಿ ಅನ್ನೋದು ಪಾರ್ಸಿ ಮಾತು. ಆಬ್ ಅಂದ್ರ ನೀರು. ನಿಜಾಮನ ಖಜಾನಿಗೆ ದೊಡ್ಡ ಆದಾಯ ಕೊಡೋದ್ರಾಗ ಇದೂ ಒಂದು. ಸೇಂದಿ-ಸಾರಾಯಿ ಗುತ್ತಾ ಹಿಡದವರು ಗುತ್ತೇದಾರ ಆದ್ರು. ಈಗ ಮೇಷ್ಟ್ರು, ಡಾಕ್ಟರು ಆದವರ ಮನಿತನದಾಗೂ ಆ ಹೆಸರು ಉಳದದ. ಸ್ವಾತಂತ್ರ್ಯ ಬಂದ ಮ್ಯಾಗ ಇನ್ನೊಂದು ಮಜಾ ನೋಡ್ರಿ. ವಿಜಾಪುರ ಜಿಲ್ಲಾ ಮುಂಬೈ ರಾಜ್ಯದಾಗ ಇತ್ತು, ಅಲ್ಲಿ 1949ರಾಗ ಪಾನನಿಷೇಧ ಕಾಯಿದೆ ಬಂತು. ನಾವು ಹೈದ್ರಾಬಾದ ರಾಜ್ಯದಾಗ ಇದ್ದವರು. ಹಿಂಗಾಗಿ ಆವಾಗ ತಾಳಿಕೋಟ್ಯಾಗ ಒಂದು ಕಾನೂನು, ಹುಣಸಗ್ಯಾಗ ಇನ್ನೊಂದು. ಸರ್ಕಾರಕ್ಕ ಈಗೂ ಆ ನೀರಿನ ರೊಕ್ಕ ಬೇಕೇ ಬೇಕು. 2023ರ ಜುಲೈ ಬಜೆಟ್ಟಿನಾಗ ಬೀರಿನ ಮ್ಯಾಗಿನ ಹೆಚ್ಚುವರಿ ಅಬಕಾರಿ ಸುಂಕ 175ರಿಂದ 185 ಪರ್ಸೆಂಟಿಗೆ ಏರಿತು.

ಈಗ "ನಮ್ದು-ಫಾರಿನ್ನು" ಜಗಳಕ್ಕ ಬರೋಣು. 1915ರಾಗ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವ ದಕ್ಷಿಣದ ಐದು ಬೀರು ಕಾರ್ಖಾನಿ ಕೂಡಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. ಬೆಂಗಳೂರು ದಂಡಿನ ಸೋಜರರೇ ಅದರ ದೊಡ್ಡ ಗಿರಾಕಿ. 1947ರಾಗ ವಿಠ್ಠಲ ಮಲ್ಯ ಅದರ ಮೊದಲ ಭಾರತೀಯ ಡೈರೆಕ್ಟರ್ ಆದ್ರು. ಕಿಂಗ್‌ಫಿಶರ್ ಈ ಕಂಪನಿದು. 2021ರಾಗ ಅರ್ಧಕ್ಕಿಂತ ಹೆಚ್ಚು ಪಾಲು ಹಾಲೆಂಡಿನ ಹೈನೆಕೆನ್ ಕೈಗೆ ಹೋಯ್ತು. ಅಂದ್ರ "ನಮ್ದು" ಅನ್ನೋದರ ಮಾಲಕ ಪರದೇಶದವ, "ಫಾರಿನ್" ಅನ್ನೋ ಬಡ್‌ವೈಸರ್ ತಯಾರಾಗೂದು ನಮ್ಮ ದೇಶದಾಗ, ಇಲ್ಲಿಯ ನೀರಿನಾಗ. ಬಾಟಲಿ ಹಿಂದ ಸಣ್ಣ ಅಕ್ಷರದಾಗ ಎಲ್ಲಿ ತಯಾರಾತು ಅಂತ ಬರದಿರ್ತಾರ, ಓದವರು ಕಡಿಮಿ.

ಅದೇ ಸಣ್ಣ ಅಕ್ಷರದಾಗ ಇನ್ನೊಂದು ಅಂಕಿ ಇರ್ತದ. ನಮಗ ಬೇಕಾದ್ದು ಅದು. 2007ರ ಜುಲೈ 1ಕ್ಕ ನಮ್ಮ ರಾಜ್ಯದಾಗ ಸಾರಾಯಿ ಬಂದಾತು. ಪಾಕೀಟ ಸಾರಾಯಿ ಹೋಯ್ತು ಅಂತ ಎಷ್ಟೋ ಹೆಂಗಸರು ದೇವರಿಗೆ ಕಾಯಿ ಒಡದ್ರು. ಕುಡಿತ ಹೋಗಲಿಲ್ಲ. ಒಂದಿಷ್ಟು ಮಂದಿ ನೈಂಟಿ ಪಾಕೀಟು ಹಿಡದ್ರು. ಒಂದಿಷ್ಟು ಮಂದಿ ಗಡಿ ದಾಟಿ ತೆಲಂಗಾಣದ ಸೇಂದಿಗೆ ಹೋದ್ರು. ಅದರಾಗ ಗಿಡದ ಸೇಂದಿಗಿಂತ ಸಿ.ಎಚ್. ಪೌಡರ್ ಕಲಸಿದ್ದೇ ಬಾಳ, ಜೀವಕ್ಕ ಕೆಟ್ಟದ್ದು. ವಯಸ್ಸಿನ ಹುಡುಗರು ಬೀರು ಹಿಡದ್ರು. ಕೇಳಿದ್ರ "ಬೀರು ಅಂದ್ರ ಸೆರೆ ಅಲ್ಲವ್ವಾ, ಬಾರ್ಲಿ ನೀರು" ಅಂತಾರ.

ಲೆಕ್ಕ ಮಾಡ್ರಿ. ದೊಡ್ಡ ಬಾಟಲಿ 650 ಎಂಎಲ್. ಸ್ಟ್ರಾಂಗ್ ಬೀರಿನಾಗ ನೂರಕ್ಕ 8ರ ತನಕ ಆಲ್ಕೋಹಾಲ್ ಇರ್ತದ. ಅಂದ್ರ ಒಂದು ಬಾಟಲಿಯಾಗ 52 ಎಂಎಲ್. ವಿಸ್ಕಿ-ರಮ್ಮಿನಾಗ ನೂರಕ್ಕ 42.8. ನೈಂಟಿ ಪಾಕೀಟಿನಾಗ ಆಗೋದು ಹೆಚ್ಚುಕಡಿಮಿ 38 ಎಂಎಲ್. ಒಂದು ಸ್ಟ್ರಾಂಗ್ ಬೀರು ಅಂದ್ರ ನೈಂಟಿಗಿಂತ ಜಾಸ್ತಿ, ಎರಡು ದೊಡ್ಡ ಪೆಗ್ಗಿಗೆ ಸಮ. 5 ಪರ್ಸೆಂಟಿನ ಮೈಲ್ಡ್ ಬೀರಾದ್ರ 32. ಕಿಂಗ್‌ಫಿಶರ್ ಇರಲಿ ಬಡ್‌ವೈಸರ್ ಇರಲಿ, ಈ ಲೆಕ್ಕಕ್ಕ ಹೆಸರು ಬೇಕಾಗಿಲ್ಲ. ಅದನ್ನ ಕುಡದು ಗಾಡಿ ಹೊಡೀತಾನಲ್ಲ ಮಗ, "ಬರೇ ಎರಡು ಬೀರು" ಅಂದ್ರ ನಾಲ್ಕು ಪೆಗ್ ಅಂತ ಅವನ ತಾಯಿಗೆ ಗೊತ್ತಿರಬೇಕು.

ಹೆಣ್ಮಕ್ಕಳ ಅಭಿಪ್ರಾಯ ಯಾರೂ ಕೇಳದಿದ್ರ ತಾವೇ ಹೇಳಾಕ ಹೊಂಟದ್ದೂ ಅದ. 2019ರ ಜನವರಿ 19ಕ್ಕ ಚಿತ್ರದುರ್ಗದಿಂದ ಸಾವಿರಾರು ಹೆಂಗಸರು, ನಮ್ಮ ಮಗ್ಗಲದ ರಾಯಚೂರಿನವರೂ ಕೂಡಿ, ಮದ್ಯ ನಿಲ್ಲಿಸ್ರಿ ಅಂತ 200 ಕಿಲೋಮೀಟರ್ ನಡದು 30ಕ್ಕ ಬೆಂಗಳೂರು ಮುಟ್ಟಿದ್ರು. ಅಂಗಡಿ ಬಂದಾಗಲಿಲ್ಲ. ಆದ್ರ ಕೂಲಿ ಬಿಟ್ಟು ಅಷ್ಟು ದೂರ ನಡದವರ ಮಾತನ್ನ ಇತಿಹಾಸದಾಗ ಬರೀಬೇಕು.

ನಿಮ್ಮ ಮನ್ಯಾಗ ಸೇಂದಿ ಗುತ್ತಾದ ಕಾಲ ಕಂಡ ಅಜ್ಜಿ-ಮುತ್ಯಾ ಇದ್ರ, ಆವಾಗ ಮನಿ ಖರ್ಚು ಹ್ಯಾಂಗ ತೂಗಸ್ತಿದ್ರಿ ಅಂತ ಕೇಳಿ ಬರದಿಡ್ರಿ. ಸಾಹೇಬರ ಸುದ್ದಿ ಪುಸ್ತಕದಾಗ ಸಿಗ್ತದ, ಅವರದು ಸಿಗಂಗಿಲ್ಲ.