ಹಿನ್ನೆಲೆ ಅಪ್‌ಡೇಟ್ ಮತ್ತು ಕಂಪ್ಯೂಟರಿನ ನಿಧಾನಗತಿ

ಬಳಸುವವರು ಬೇರೆ ಕೆಲಸದಲ್ಲಿರುವಾಗಲೇ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ತನಗೆ ಬೇಕಾದ ಹೊಸ ಕಡತಗಳನ್ನು ಹುಡುಕಿ, ಇಳಿಸಿಕೊಂಡು, ಅಳವಡಿಸಿಕೊಳ್ಳುವ ಕ್ರಿಯೆಗೆ ಹಿನ್ನೆಲೆ ಅಪ್‌ಡೇಟ್ ಎನ್ನುತ್ತಾರೆ. ಪರದೆಯ ಮೇಲೆ ಏನೂ ಕಾಣಿಸದಿದ್ದರೂ ಆ ಹೊತ್ತಿನಲ್ಲಿ ಯಂತ್ರ ನಿಧಾನವಾಗುತ್ತದೆ. ಆಡುಮಾತಿನಲ್ಲಿ ‘ಹ್ಯಾಂಗ್ ಆಗಿದೆ’ ಎನ್ನುವುದುಂಟು. ಬಹುಮಟ್ಟಿಗೆ ಇದು ಅರ್ಧಕ್ಕೆ ಉಳಿದ ಕೆಲಸದ ಲಕ್ಷಣ. ಆ ಕೆಲಸ ಮುಗಿಯಲು ಬಿಡುವುದೇ ಮೊದಲ ಪರಿಹಾರ.

ಮುಂಬಯಿಯ ಬುಧವಾರ

ಮೈಕ್ರೋಸಾಫ್ಟ್ ಸಂಸ್ಥೆ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ನ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತಿದೆ. ಬಿಡುಗಡೆಯ ಹೊತ್ತಿಗೆ, ಅಂದರೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆಯಾದಾಗ, ಭಾರತದಲ್ಲಿ ರಾತ್ರಿ 10:30, ಚಳಿಗಾಲದಲ್ಲಾದರೆ 11:30. ಆ ವೇಳೆಗೆ ಮುಂಬಯಿಯ ದಾದರ್‌ನ ಕಚೇರಿ, ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹೀಗಾಗಿ ಅಪ್‌ಡೇಟಿನ ಭಾರ ಇಲ್ಲಿಯ ಯಂತ್ರಗಳ ಮೇಲೆ ಬೀಳುವುದು ಬುಧವಾರ ಅಥವಾ ಅದರ ಮುಂದಿನ ಒಂದೆರಡು ದಿನ, ಅದೂ ಕೆಲಸದ ವೇಳೆಯಲ್ಲಿ.

ಕಾರಣ

ಕಡತ ಇಳಿಸಿಕೊಳ್ಳುವಾಗ ಇಂಟರ್ನೆಟ್ ನಿಧಾನವಾಗುತ್ತದೆ. ಅಳವಡಿಸಿಕೊಳ್ಳುವಾಗ ಪ್ರೊಸೆಸರ್ ಮತ್ತು ಡಿಸ್ಕಿನ ಮೇಲೆ ಒತ್ತಡ ಬೀಳುತ್ತದೆ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಹೊಸ ಕಡತಗಳನ್ನು ಬಿಡಿಸಿ ಜೋಡಿಸುತ್ತಿರುವಾಗ ಆ್ಯಂಟಿವೈರಸ್ ಅವುಗಳನ್ನು ಪರೀಕ್ಷಿಸುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಬಿಡಿ ಕೋರಿಕೆಗಳನ್ನಷ್ಟೇ ಪೂರೈಸಬಲ್ಲದು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹತ್ತಾರು ಸಾವಿರ ಪೂರೈಸುತ್ತದೆ. ಸಂಜೆ ದಾದರ್ ನಿಲ್ದಾಣದ ಸೇತುವೆ ಕಿಕ್ಕಿರಿದಾಗ ಕೆಳಗೆ ರೈಲು ನಿಂತಿದ್ದರೂ ಹತ್ತಲಾಗದು. ಹಾಗೆಯೇ ಪ್ರೊಸೆಸರ್ ಬಿಡುವಾಗಿದ್ದರೂ ಡಿಸ್ಕಿಗೆ ಬಿಡುವಿಲ್ಲದಿದ್ದರೆ ಯಂತ್ರ ಮುಂದೆ ಸಾಗದು.

ಹುಡುಕುವ ಹಂತವೇ ತೊಡಕಾದ ಉದಾಹರಣೆಯೂ ಇದೆ. 2015–16ರಲ್ಲಿ ವಿಂಡೋಸ್ 7 ಇದ್ದ ಅನೇಕ ಕಂಪ್ಯೂಟರುಗಳಲ್ಲಿ ಅಪ್‌ಡೇಟ್ ಹುಡುಕುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಯಾವ ಹಳೆಯ ಅಪ್‌ಡೇಟಿನ ಬದಲು ಯಾವ ಹೊಸದು ಬಂದಿದೆ ಎಂಬ ಸರಪಳಿ ಬೆಳೆದು, ಅದನ್ನು ಲೆಕ್ಕ ಹಾಕುವುದರಲ್ಲೇ ಪ್ರೊಸೆಸರ್ ಸಿಕ್ಕಿಕೊಳ್ಳುತ್ತಿತ್ತು. 2016ರ ಜುಲೈನ ಅಪ್‌ಡೇಟ್ ಈ ತೊಂದರೆಯನ್ನು ನಿವಾರಿಸಿತು. ಅದೇ ವರ್ಷದ ಅಕ್ಟೋಬರ್‌ನಿಂದ ಎಲ್ಲವನ್ನೂ ಒಟ್ಟುಗೂಡಿಸಿದ ಮಾಸಿಕ ಕಟ್ಟು ಬರತೊಡಗಿತು.

ಗುರುತಿಸುವ ಬಗೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಡಿಸ್ಕ್’ ಮತ್ತು ‘ಸಿಪಿಯು’ ಕಾಲಂಗಳ ತಲೆಯನ್ನು ಒಂದೊಂದಾಗಿ ಒತ್ತಿದರೆ ಹೆಚ್ಚು ಭಾರ ಹಾಕುತ್ತಿರುವ ಕಾರ್ಯ ಮೇಲಕ್ಕೆ ಬರುತ್ತದೆ. ಮೇಲೆ ಹೇಳಿದ ಇನ್‌ಸ್ಟಾಲರ್ ವರ್ಕರ್, ‘ಸರ್ವೀಸ್ ಹೋಸ್ಟ್: ವಿಂಡೋಸ್ ಅಪ್‌ಡೇಟ್’ ಅಥವಾ ‘ಆ್ಯಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್’ ಮೇಲಿದ್ದರೆ ಅಪ್‌ಡೇಟ್ ನಡೆಯುತ್ತಿರುವ ಸಾಧ್ಯತೆ ಹೆಚ್ಚು.

ಪರಿಹಾರ

1. ಯಂತ್ರವನ್ನು ಕೆಲಸವಿಲ್ಲದ ಹೊತ್ತಿನಲ್ಲಿ ಒಂದೆರಡು ಗಂಟೆ ಚಾಲೂ ಇಟ್ಟು, ಬಳಿಕ ‘ರೀಸ್ಟಾರ್ಟ್’ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳಲ್ಲಿ ಬರಿಯ ‘ಶಟ್ ಡೌನ್’ ವ್ಯವಸ್ಥೆಯನ್ನು ಪೂರ್ತಿ ಹೊಸದಾಗಿ ಆರಂಭಿಸುವುದಿಲ್ಲ.

2. ಅಳವಡಿಕೆಯ ನಡುವೆ ವಿದ್ಯುತ್ ಹೋದರೆ ಕಡತಗಳು ಕೆಡಬಹುದು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಮುಂಬಯಿಯ ಬಹುಭಾಗಕ್ಕೆ ವಿದ್ಯುತ್ ಇಲ್ಲದಾಗಿತ್ತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರುವುದು ಒಳ್ಳೆಯದು.

3. ಸೆಟ್ಟಿಂಗ್ಸ್‌ನ ‘ಆ್ಯಕ್ಟಿವ್ ಅವರ್ಸ್’ನಲ್ಲಿ ಕೆಲಸದ ವೇಳೆಯನ್ನು ನಮೂದಿಸಬೇಕು. ದಿನಕ್ಕೆ 18 ಗಂಟೆಯವರೆಗೆ ತಾನಾಗಿ ರೀಸ್ಟಾರ್ಟ್ ಆಗುವುದನ್ನು ಇದು ತಡೆಯುತ್ತದೆ.

4. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ.

5. ಒಂದೇ ಅಪ್‌ಡೇಟ್ ಪದೇ ಪದೇ ವಿಫಲವಾಗುತ್ತಿದ್ದರೆ, ಅಪ್‌ಡೇಟ್ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಒಳಗಿನ ‘ಡೌನ್‌ಲೋಡ್’ ಫೋಲ್ಡರನ್ನು ಖಾಲಿ ಮಾಡಿ, ಸೇವೆಯನ್ನು ಮತ್ತೆ ಆರಂಭಿಸಬೇಕು. ಕೆಟ್ಟ ಕಡತಗಳನ್ನು ಡಿಐಎಸ್‌ಎಂ ಮತ್ತು ಎಸ್‌ಎಫ್‌ಸಿ ಆದೇಶಗಳು ಸರಿಪಡಿಸುತ್ತವೆ.

6. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅತಿ ಹೆಚ್ಚು ವ್ಯತ್ಯಾಸ ಕಾಣುತ್ತದೆ.

ಉಬುಂಟುವಿನಲ್ಲಿ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಇದೇ ಕೆಲಸ ಮಾಡುತ್ತದೆ. ಅದನ್ನೂ ನಡುವೆ ನಿಲ್ಲಿಸಬಾರದು. ಮ್ಯಾಕ್‌ನಲ್ಲಿ ಅಪ್‌ಡೇಟ್ ಆದ ಮೇಲೆ ಸ್ಪಾಟ್‌ಲೈಟ್ ಕಡತಗಳ ಸೂಚಿಯನ್ನು ಹೊಸದಾಗಿ ಕಟ್ಟುವವರೆಗೂ ನಿಧಾನವಿರಬಹುದು.

ನಿಲ್ಲಿಸಿಬಿಡುವ ಅಪಾಯ

ಬೇಸತ್ತು ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸುವುದು ತಪ್ಪು. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮಾರ್ಚ್ 14ರಂದೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಪೆಟ್ಟು ತಿಂದರು. ಅದೇ ವರ್ಷದ ಜೂನ್ 27ರಂದು ಹಬ್ಬಿದ ನಾಟ್‌ಪೆಟ್ಯಾ ಎಂಬ ಇನ್ನೊಂದು ಕುತಂತ್ರಾಂಶ ತನ್ನ ದಾರಿಗಳಲ್ಲಿ ಒಂದಾಗಿ ಅದೇ ದೋಷವನ್ನು ಬಳಸಿತು. ಮುಂಬಯಿಗೆ ಸಮೀಪದ ಜವಾಹರಲಾಲ್ ನೆಹರೂ ಬಂದರಿನ ಒಂದು ಕಂಟೇನರ್ ಟರ್ಮಿನಲ್ ಆ ದಾಳಿಯಲ್ಲಿ ಸ್ತಬ್ಧವಾಯಿತು. ತುರ್ತು ಕೆಲಸವಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಅಪ್‌ಡೇಟನ್ನು 5 ವಾರಗಳವರೆಗೆ ಮುಂದೂಡಬಹುದು. ಕೆಲಸ ಮುಗಿದೊಡನೆ ಯಂತ್ರಕ್ಕೆ ಒಂದು ಸಂಜೆ ಬಿಡುವು ಕೊಟ್ಟು ಅದನ್ನು ಅಳವಡಿಸಿಕೊಳ್ಳಬೇಕು.