ಬೂದಿ, ವಜ್ರ ಮತ್ತು ಪತ್ರಾಗಾರ

ಮೃತರ ನೆನಪನ್ನು ಕಲ್ಲಿಗೆ ಒಪ್ಪಿಸುವುದು ಮನುಷ್ಯನ ಬಹು ಹಳೆಯ ರೂಢಿ. ಶಾಸನಗಳನ್ನು ಓದುವವರಿಗೆ ತಿಳಿದಂತೆ, ಸ್ಮಾರಕಶಿಲೆಯಲ್ಲಿ ಕಲ್ಲು ಬೇರೆ, ಮೃತನ ದೇಹ ಬೇರೆ. ಇವೆರಡಕ್ಕೂ ಸಂಬಂಧ ಕಲ್ಪಿಸುವುದು ಕಲ್ಲಿನ ಮೇಲೆ ಕೊರೆದ ಅಕ್ಷರ. ಕಳೆದ ಕಾಲು ಶತಮಾನದಲ್ಲಿ ಈ ರೂಢಿ ಒಂದು ವಿಚಿತ್ರ ತಿರುವನ್ನು ಪಡೆದಿದೆ. ಚಿತಾಭಸ್ಮದಿಂದಲೇ ವಜ್ರವನ್ನು ಮಾಡಿ, ಅದನ್ನು ಉಂಗುರದಲ್ಲಿ ಧರಿಸುವ ಪದ್ಧತಿ ಬಳಕೆಗೆ ಬಂದಿದೆ. ಇಲ್ಲಿ ದೇಹವೇ ಕಲ್ಲಾಗುತ್ತದೆ. ಅಕ್ಷರದ ಹಂಗು ಇಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಹಾಗೆ ತೋರುವುದು ನಿಜವೇ ಎಂಬುದನ್ನು ಒಂದು ಪ್ರಸಿದ್ಧ ಪ್ರಕರಣದ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವಜ್ರವು ಇಂಗಾಲದ ಒಂದು ರೂಪವೆಂಬ ಅರಿವು 18ನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ್ದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೆವಾಸಿಯೇ 1772ರಲ್ಲಿ ಮಸೂರದ ಮೂಲಕ ಸೂರ್ಯನ ಶಾಖವನ್ನು ಹಾಯಿಸಿ ವಜ್ರವನ್ನು ಸುಟ್ಟನು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನೆಂಟ್, ವಜ್ರವನ್ನೂ ಅಷ್ಟೇ ತೂಕದ ಇದ್ದಿಲನ್ನೂ ಸುಟ್ಟರೆ ಹೊರಡುವ ಅನಿಲದ ಪ್ರಮಾಣ ಒಂದೇ ಎಂದು ತೋರಿಸಿಕೊಟ್ಟನು. ಇದ್ದಿಲು ವಜ್ರವಾಗಬಲ್ಲದೆಂಬ ಆಸೆ ಅಂದು ಹುಟ್ಟಿತಾದರೂ ಅದು ಕೈಗೂಡಲು ಒಂದೂವರೆ ಶತಮಾನ ಹಿಡಿಯಿತು. 1953ರಲ್ಲಿ ಸ್ವೀಡನ್ನಿನ ಆಸಿಯಾ ಸಂಸ್ಥೆ ಕೃತಕ ವಜ್ರವನ್ನು ಸಾಧಿಸಿಯೂ ಅದನ್ನು ಪ್ರಕಟಿಸಲಿಲ್ಲ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಯಶಸ್ಸು ಪಡೆದರು. ಮರುವರ್ಷ ಜಗತ್ತಿಗೆ ಸುದ್ದಿ ತಿಳಿಯಿತು.

21ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಲೈಫ್‌ಜೆಮ್, 2004ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಗೊರ್ಡಾನ್ಝಾ ಎಂಬ ಸಂಸ್ಥೆಗಳು ಇದೇ ವಿದ್ಯೆಯನ್ನು ಸ್ಮಾರಕ ವಜ್ರಗಳಿಗೆ ಅನ್ವಯಿಸಿದವು. ದೇಹವು ದಹನವಾಗುವಾಗ ಅದರ ಇಂಗಾಲದ ಬಹುಪಾಲು ಗಾಳಿಗೆ ಸೇರುತ್ತದೆ. ಉಳಿಯುವ ಬೂದಿ ಮುಖ್ಯವಾಗಿ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟು. ಅದರಲ್ಲಿರುವ ಅಲ್ಪ ಇಂಗಾಲವನ್ನು ಬೇರ್ಪಡಿಸಿ, ಗ್ರಾಫೈಟ್ ಆಗಿ ಮಾರ್ಪಡಿಸಿ, ಕರಗಿದ ಲೋಹದ ನಡುವೆ ಸಾವಿರಕ್ಕೂ ಮೀರಿದ ಡಿಗ್ರಿಗಳ ಉಷ್ಣದಲ್ಲಿ, ವಾಯುಮಂಡಲದ ಒತ್ತಡಕ್ಕಿಂತ ಸುಮಾರು ಐವತ್ತು ಸಾವಿರ ಪಟ್ಟು ಹೆಚ್ಚಿನ ಒತ್ತಡದಲ್ಲಿ ಇರಿಸಿದರೆ ಹರಳು ನಿಧಾನವಾಗಿ ಬೆಳೆಯುತ್ತದೆ. ಬೋರಾನಿನ ಅಂಶ ಸೇರಿದರೆ ವಜ್ರಕ್ಕೆ ನೀಲಿ ಛಾಯೆ ಬರುತ್ತದೆ.

ಈಗ ಪ್ರಕರಣಕ್ಕೆ ಬರೋಣ. ಲೂಯಿಸ್ ಬಾರಾಗಾನ್ (1902-1988) ಮೆಕ್ಸಿಕೊ ದೇಶದ ಮಹಾನ್ ವಾಸ್ತುಶಿಲ್ಪಿ. 1980ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದವರು. ಮೆಕ್ಸಿಕೊ ನಗರದಲ್ಲಿರುವ ಅವರ ಮನೆ 2004ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅವರ ವೃತ್ತಿಸಂಬಂಧಿ ನಕ್ಷೆ, ಪತ್ರ, ಛಾಯಾಚಿತ್ರಗಳ ಸಂಗ್ರಹ ಮಾತ್ರ ಅಲ್ಲಿ ಉಳಿಯಲಿಲ್ಲ. ಅವರ ಮರಣಾನಂತರ ಅದು ಕೈಯಿಂದ ಕೈಗೆ ದಾಟಿ, 1995ರಲ್ಲಿ ನ್ಯೂಯಾರ್ಕಿನ ಕಲಾವ್ಯಾಪಾರಿಯೊಬ್ಬರ ಮೂಲಕ ಸ್ವಿಟ್ಜರ್ಲೆಂಡಿನ ವಿತ್ರಾ ಪೀಠೋಪಕರಣ ಸಂಸ್ಥೆಯ ಮುಖ್ಯಸ್ಥ ರೋಲ್ಫ್ ಫೇಲ್‌ಬಾಮ್ ಅವರಿಗೆ ಸಂದಿತು. ಅದನ್ನು ನೋಡಿಕೊಳ್ಳುವ ಹೊಣೆ ವಾಸ್ತು ಇತಿಹಾಸಕಾರ್ತಿ ಫೆಡೆರಿಕಾ ಝಾಂಕೊ ಅವರದಾಯಿತು. ಫೇಲ್‌ಬಾಮ್ ಇದನ್ನು ನಿಶ್ಚಿತಾರ್ಥದ ಉಂಗುರದ ಬದಲಿಗೆ ಝಾಂಕೊ ಅವರಿಗೆ ಕೊಟ್ಟರೆಂಬ ಮಾತೂ ಪ್ರಚಲಿತವಾಗಿತ್ತು. ಸಂಶೋಧಕರಿಗೆ ಸಂಗ್ರಹದ ಪ್ರವೇಶ ಸುಲಭವಾಗಿಲ್ಲವೆಂಬ ಅಸಮಾಧಾನ ಬೆಳೆಯಿತು.

ಆ ಮಾತನ್ನೇ ಹಿಡಿದು ಅಮೆರಿಕದ ಕಲಾವಿದೆ ಜಿಲ್ ಮಾಜಿಡ್ ಒಂದು ಪ್ರತಿಪ್ರಸ್ತಾವವನ್ನು ಕಟ್ಟಿದರು. ಬಾರಾಗಾನ್ ಕುಟುಂಬದವರ ಮತ್ತು ಅಲ್ಲಿಯ ಸರ್ಕಾರದ ಒಪ್ಪಿಗೆ ಪಡೆದು, 2015ರಲ್ಲಿ ಗ್ವಾದಲಹಾರಾ ನಗರದ ಸ್ಮಾರಕದಲ್ಲಿದ್ದ ಭಸ್ಮಪಾತ್ರೆಯಿಂದ 525 ಗ್ರಾಂ ಬೂದಿಯನ್ನು ತೆಗೆಸಿದರು. ಅದರ ಸ್ಥಾನದಲ್ಲಿ ಅಷ್ಟೇ ತೂಕದ ಬೆಳ್ಳಿಯ ಕುದುರೆಯೊಂದನ್ನು ಇರಿಸಿದರು. ಆಲ್ಗೊರ್ಡಾನ್ಝಾ ಸಂಸ್ಥೆ ಆ ಬೂದಿಯಿಂದ 2.02 ಕ್ಯಾರೆಟ್ಟಿನ ವಜ್ರವನ್ನು ಬೆಳೆಸಿತು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅಂದರೆ ಅರ್ಧ ಕಿಲೋಗ್ರಾಮಿಗೂ ಮಿಗಿಲಾದ ಬೂದಿಯಿಂದ ದೊರೆತದ್ದು ಅರ್ಧ ಗ್ರಾಮಿಗೂ ಕಡಿಮೆ ತೂಕದ ಹರಳು. 2016ರಲ್ಲಿ ಮಾಜಿಡ್ ಅದನ್ನು ಉಂಗುರದಲ್ಲಿ ಕಟ್ಟಿಸಿ ಝಾಂಕೊ ಅವರ ಮುಂದಿಟ್ಟರು. ಉಂಗುರವನ್ನು ಸ್ವೀಕರಿಸಿ ಸಂಗ್ರಹವನ್ನು ಮೆಕ್ಸಿಕೊಗೆ ಮರಳಿಸಬೇಕು. ದೇಹಕ್ಕೆ ಪ್ರತಿಯಾಗಿ ಕೃತಿದೇಹ ಎಂಬುದು ಅವರ ಪ್ರಸ್ತಾವದ ಸಾರ. ಝಾಂಕೊ ಸ್ವೀಕರಿಸಲಿಲ್ಲ. ಮೆಕ್ಸಿಕೊದಲ್ಲಿಯೂ ವಿರೋಧದ ದನಿ ಎದ್ದಿತು: ಮೃತನ ಅವಶೇಷವನ್ನು ಹೀಗೆ ಪಣಕ್ಕೊಡ್ಡುವ ಹಕ್ಕು ಯಾರಿಗಿದೆ?

ಆ ಪ್ರಶ್ನೆ ನ್ಯಾಯವಾದದ್ದು. ಕುಟುಂಬದ ಒಪ್ಪಿಗೆ ಮೃತನ ಒಪ್ಪಿಗೆಯಲ್ಲ. ಆದರೂ ಮಾಜಿಡ್ ಅವರ ಪ್ರಸ್ತಾವ ಎತ್ತಿದ ಮತ್ತೊಂದು ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕರ್ತೃವೊಬ್ಬನ ನಿಜವಾದ ಅವಶೇಷ ಯಾವುದು, ಬೂದಿಯೋ ಬರಹವೋ? ಬೂದಿಯನ್ನು ಕದಲಿಸಿದರೆಂದು ನೊಂದುಕೊಳ್ಳುವ ಸಮಾಜ, ಅವನ ಕಾಗದಪತ್ರಗಳು ಸಮುದ್ರ ದಾಟಿದಾಗ ಏಕೆ ಅಷ್ಟು ನೊಂದುಕೊಳ್ಳಲಿಲ್ಲ?

ಇದಕ್ಕೆ ವಜ್ರವೇ ಉತ್ತರ ಕೊಡುತ್ತದೆ. ಇಂಗಾಲದ ಪರಮಾಣುವಿಗೆ ಹೆಸರಿಲ್ಲ. ಬಾರಾಗಾನರ ಬೂದಿಯಿಂದ ಬಂದ ಹರಳಿಗೂ ಇದ್ದಿಲಿನಿಂದ ಬಂದ ಹರಳಿಗೂ ಇರುವ ಭೇದವನ್ನು ಕಲ್ಲು ತಾನಾಗಿ ಹೇಳಲಾರದು. ಬೂದಿಯನ್ನು ಎಂದು ತೆಗೆದರು, ಎಷ್ಟು ತೂಗಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಕಾಗದಗಳು ಕಳೆದುಹೋದರೆ ಅದು ಕೇವಲ ಒಂದು ನೀಲಿ ಹರಳು. ದೇಹವೇ ಕಲ್ಲಾದಲ್ಲಿಯೂ ಅದು ಯಾರ ದೇಹವೆಂದು ಹೇಳುವುದು ಅಕ್ಷರವೇ. ವಜ್ರಕ್ಕೆ ಬದಲಾಗಿ ಪತ್ರಾಗಾರವನ್ನು ಕೇಳಿದ ಕಲಾವಿದೆಯ ಲೆಕ್ಕಾಚಾರದಲ್ಲಿ ಈ ಅರ್ಥ ಅಡಗಿದೆ: ಎರಡರಲ್ಲಿ ಹೆಚ್ಚು ಬೆಲೆಯುಳ್ಳದ್ದು ಕಾಗದ. ಹಸ್ತಪ್ರತಿ, ಪತ್ರ, ಟಿಪ್ಪಣಿಗಳ ನಡುವೆ ದುಡಿಯುವ ವಿದ್ಯಾರ್ಥಿಗಳು ಈ ಪ್ರಕರಣದಿಂದ ಗ್ರಹಿಸಬೇಕಾದದ್ದೂ ಇದನ್ನೇ. ವಜ್ರ ಕೆಡದು, ನಿಜ. ಆದರೆ ಅದಕ್ಕೆ ಮಾತು ಕೊಡುವ ಕಾಗದಕ್ಕೆ ಗೆದ್ದಲು ಹತ್ತಬಲ್ಲದು, ಬೀಗವೂ ಬೀಳಬಲ್ಲದು. ಕಾಯಬೇಕಾದದ್ದು ಅದನ್ನು.