ಕಾಲರಾ ವಿಷದ ಗುಟ್ಟು ಬಿಡಿಸಿದ ಶಂಭುನಾಥ ಡೇ

ರೋಗಾಣುವನ್ನು ಗುರುತಿಸುವುದು ಬೇರೆ, ಅದು ಮನುಷ್ಯನನ್ನು ಕೊಲ್ಲುವ ಬಗೆಯನ್ನು ಅರಿಯುವುದು ಬೇರೆ. ಕಾಲರಾದ ವಿಷಯದಲ್ಲಿ ಇವೆರಡರ ನಡುವೆ 75 ವರ್ಷಗಳ ಅಂತರವಿತ್ತು. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಬ್ಯಾಕ್ಟೀರಿಯಾವೇ ಈ ರೋಗಕ್ಕೆ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ನಡೆಸಿದ ಅಧ್ಯಯನದಿಂದ ಸಾರಿದರು. ಅದು ರೋಗವನ್ನು ಉಂಟುಮಾಡುವ ಬಗೆಯನ್ನು ಅದೇ ನಗರದ ವೈದ್ಯ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು.

ಕವಲು ತಪ್ಪಿದ ಸಂಶೋಧನೆ

ಕಾಲರಾ ರೋಗಾಣು ಒಂದು ವಿಷವನ್ನು ಸ್ರವಿಸುತ್ತಿರಬೇಕೆಂದು ಕಾಕ್ ಅವರೇ ಊಹಿಸಿದ್ದರು. ಆದರೆ ಮುಂದಿನ ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಉದರಕ್ಕೋ ಚುಚ್ಚಿ ಪರೀಕ್ಷಿಸಿದರು. ಪ್ರಾಣಿಗಳು ಸತ್ತವು, ಕಾಲರಾದ ಲಕ್ಷಣಗಳು ಮಾತ್ರ ಕಾಣಲಿಲ್ಲ.

ಹೂಗ್ಲಿ ಜಿಲ್ಲೆಯಲ್ಲಿ 1915ರಲ್ಲಿ ಜನಿಸಿದ ಡೇ, ಲಂಡನ್ನಿನಲ್ಲಿ ಸಂಶೋಧನೆ ಮುಗಿಸಿ 1949ರಲ್ಲಿ ಕಲ್ಕತ್ತೆಗೆ ಮರಳಿದರು. ಕಾಲರಾ ಕರುಳಿನ ರೋಗವಾದ್ದರಿಂದ ಅದನ್ನು ಕರುಳಿನಲ್ಲೇ ಹುಡುಕಬೇಕೆಂಬುದು ಅವರ ನಿಲುವು. ಮೊಲದ ಸಣ್ಣ ಕರುಳಿನ ಒಂದು ಭಾಗವನ್ನು ಎರಡೂ ತುದಿಗಳಲ್ಲಿ ದಾರದಿಂದ ಕಟ್ಟಿ, ನಡುವೆ ರೋಗಾಣುಗಳನ್ನು ಸೇರಿಸಿದರು. ಆ ಭಾಗ ದ್ರವ ತುಂಬಿಕೊಂಡು ಉಬ್ಬಿತು. ಈ ವಿಧಾನವನ್ನು ಡೇ ಮತ್ತು ಅವರ ಸಹೋದ್ಯೋಗಿ 1953ರಲ್ಲಿ ಪ್ರಕಟಿಸಿದರು. ಆರು ವರ್ಷಗಳ ನಂತರ, ರೋಗಾಣುಗಳನ್ನು ಸಂಪೂರ್ಣವಾಗಿ ಸೋಸಿ ತೆಗೆದ ದ್ರಾವಣವೊಂದೇ ಅದೇ ಪರಿಣಾಮ ಬೀರುವುದೆಂದು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ರೋಗಾಣು ಹೊರಸೂಸುವ ವಿಷವೇ ಭೇದಿಗೆ ಮೂಲವೆಂಬುದು ಸಿದ್ಧವಾಯಿತು.

ವಿಷ ಕೆಲಸ ಮಾಡುವ ಬಗೆ

ಈ ವಿಷ ಒಂದು ಪ್ರೋಟೀನು. ಇದರಲ್ಲಿ ಎರಡು ಬಗೆಯ ಭಾಗಗಳಿವೆ. ‘ಬಿ’ ಎಂಬ ಐದು ತುಣುಕುಗಳು ಕರುಳಿನ ಜೀವಕೋಶದ ಹೊರಪದರಕ್ಕೆ ಅಂಟಿಕೊಳ್ಳುತ್ತವೆ. ‘ಎ’ ಭಾಗ ಒಳನುಗ್ಗಿ, ಕೋಶದ ಒಂದು ನಿಯಂತ್ರಕ ಪ್ರೋಟೀನನ್ನು ಸದಾ ಚಾಲೂ ಸ್ಥಿತಿಯಲ್ಲಿ ಇರಿಸಿಬಿಡುತ್ತದೆ. ಆಗ ಕೋಶದಿಂದ ಕ್ಲೋರೈಡ್ ಹೊರಹರಿಯುತ್ತದೆ. ಅದರ ಬೆನ್ನಿಗೆ ಸೋಡಿಯಂ ಮತ್ತು ನೀರೂ ಹೋಗುತ್ತವೆ. ರೋಗ ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ದ್ರವ ನಷ್ಟವಾಗಬಹುದು.

ಇಷ್ಟಾದರೂ ಕರುಳಿನ ಒಳಪದರ ನಾಶವಾಗುವುದಿಲ್ಲ. ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುವ ಅದರ ಶಕ್ತಿ ಉಳಿದೇ ಇರುತ್ತದೆ. ಸಕ್ಕರೆ-ಉಪ್ಪಿನ ಜೀವಜಲ ಫಲ ನೀಡುವುದು ಈ ಕಾರಣದಿಂದಲೇ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್ ಅವರ ತಂಡ ಈ ದ್ರಾವಣವನ್ನು ಕುಡಿಸಿದಾಗ, ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ದೇಹದ ಪ್ರತಿರೋಧ

ಕಾಲರಾ ರೋಗಾಣು ರಕ್ತವನ್ನು ಪ್ರವೇಶಿಸದೆ ಕರುಳಿನಲ್ಲೇ ನೆಲೆಸುತ್ತದೆ. ಆದ್ದರಿಂದ ದೇಹದ ಹೋರಾಟವೂ ಅಲ್ಲಿಯೇ ನಡೆಯಬೇಕು. ಕರುಳಿನ ಲೋಳೆಪದರದಲ್ಲಿ ಸ್ರವಿಸುವ ಪ್ರತಿಕಾಯಗಳು ರೋಗಾಣುವನ್ನೂ ವಿಷವನ್ನೂ ತಡೆಹಿಡಿಯುತ್ತವೆ. ಚುಚ್ಚುಮದ್ದಿನ ಹಳೆಯ ಲಸಿಕೆ ಅಲ್ಪಾವಧಿಯ, ಅಪೂರ್ಣ ರಕ್ಷಣೆಯನ್ನಷ್ಟೇ ನೀಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಈಗ ಬಳಕೆಯಲ್ಲಿರುವುದು ಬಾಯಿಯ ಮೂಲಕ ನೀಡುವ ಲಸಿಕೆ. ಸತ್ತ ರೋಗಾಣುಗಳಿಂದ ತಯಾರಿಸಿದ ಇಂಥ ಲಸಿಕೆಯೊಂದು ಕೋಲ್ಕತ್ತದ ಕೊಳೆಗೇರಿಗಳಲ್ಲಿ 2006ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ಐದು ವರ್ಷಗಳ ಕಾಲ ಸುಮಾರು ಶೇ. 65ರಷ್ಟು ರಕ್ಷಣೆ ನೀಡಿತು. ಆದರೂ ಶುದ್ಧ ನೀರು ಮತ್ತು ನೈರ್ಮಲ್ಯಕ್ಕೆ ಲಸಿಕೆ ಬದಲಿಯಾಗಲಾರದು.

ತಡವಾಗಿ ಬಂದ ಮನ್ನಣೆ

ಡೇ ಅವರ ಶೋಧ ಬಹುಕಾಲ ಅವರ ನಾಡಿನಲ್ಲೇ ಅಪರಿಚಿತವಾಗಿತ್ತು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. 1978ರಲ್ಲಿ ನೊಬೆಲ್ ವಿಚಾರಸಂಕಿರಣಕ್ಕೆ ಆಹ್ವಾನ ಬಂದಿತು. ಆದರೆ ದೇಶದ ಪ್ರಮುಖ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ಅವರು 1985ರಲ್ಲಿ ನಿಧನರಾದರು. ಐದು ವರ್ಷಗಳ ನಂತರ, 1990ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು. ಬದುಕಿದ್ದಾಗ ಸಲ್ಲದ ಗೌರವ ಹೀಗೆ ಅವರ ಹೆಸರಿಗೆ ಸಂದಿತು.